ಕನ್ನಡ ಮಾಧ್ಯಮದ ಮಗಳಿಗೆ ಇಂಗ್ಲಿಷ್ ಪದಗಳು: ಅನುಭವವಿದ್ದವರು ತಿಳಿಸಿ

ಸಕಲೇಶಪುರದ ತಾಯಿಯೊಬ್ಬರ ಕೋರಿಕೆ:
ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈಗ ಹಾಸನದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಬರೆದು ಬಾಯಿಪಾಠ ಮಾಡುತ್ತಾಳೆ. ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಮರೆತಿರುತ್ತಾಳೆ. ಇದೇ ಹಾದಿಯಲ್ಲಿ ಬಂದವರು ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಹಾಸನದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ:
ಮೊದಲು ಆ ಪಟ್ಟಿಯನ್ನು ನಿಲ್ಲಿಸಿ, ತಾಯಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷ್ ಪದವೂ ಎಲ್ಲೋ ಕಿವಿಗೆ ಬಿದ್ದಿರುತ್ತದೆ, ಆದರೆ ಎರಡಕ್ಕೂ ನಂಟಿದೆ ಎಂದು ಯಾರೂ ಹೇಳಿರುವುದಿಲ್ಲ. ‘ಕಂಡಕ್ಟರ್’ ಎಂದರೆ ಬಸ್ಸಿನಲ್ಲಿ ಟಿಕೆಟ್ ಕೊಡುವವರು; ಸಾರಿಗೆ ಸಂಸ್ಥೆಯ ಕನ್ನಡದಲ್ಲಿ ಅವರು ನಿರ್ವಾಹಕರು. ವಿಜ್ಞಾನದ ಪುಸ್ತಕದಲ್ಲಿ ತಾಮ್ರವು ವಿದ್ಯುತ್ತಿನ ವಾಹಕ. ಕನ್ನಡದಲ್ಲೇ ಈ ಎರಡು ಪದಗಳು ಒಂದರ ಪಕ್ಕ ಒಂದು ನಿಂತಿರುವಾಗ, ‘ಕಂಡಕ್ಟ್’ ಎಂದರೆ ಒಯ್ಯುವುದು, ನಡೆಸುವುದು ಎಂದು ತಿಳಿಸಲು ಎರಡು ನಿಮಿಷ ಸಾಕು. ಪರೀಕ್ಷೆಯನ್ನು ‘ಕಂಡಕ್ಟ್’ ಮಾಡುವುದೂ ಆಗ ತಾನಾಗಿಯೇ ಅರ್ಥವಾಗುತ್ತದೆ. ಹಾಗೆಯೇ ‘ಕರೆಂಟ್’ ಎಂದರೆ ಹರಿವು. ಹೇಮಾವತಿಯ ಸೆಳವೂ ಕರೆಂಟೇ, ತಂತಿಯೊಳಗಿನದೂ ಕರೆಂಟೇ; ‘ಕರೆಂಟ್ ಅಫೇರ್ಸ್’ ಎಂದರೆ ಸದ್ಯ ಸಾಗುತ್ತಿರುವ ವಿದ್ಯಮಾನಗಳು.

ಹಾಸನದಲ್ಲಿ 1982ರಿಂದ ಇರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರವಾದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯನ್ನು ಊರಿನವರು ಎಂಸಿಎಫ್ ಎಂದು ಹೇಳಿ ಮುಗಿಸುತ್ತಾರೆ. ‘ಫೆಸಿಲಿಟಿ’ಗೆ ಮೂಲವಾದ ಲ್ಯಾಟಿನ್ ಪದದ ಅರ್ಥ ಸುಲಭ, ನಮ್ಮ ‘ಸೌಲಭ್ಯ’ ಹುಟ್ಟಿದ್ದೂ ‘ಸುಲಭ’ದಿಂದಲೇ. ಇದನ್ನು ಕೇಳಿದ ಮೇಲೆ ಆ ಪದವನ್ನು ಮರೆತ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರು:
ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಇಂಗ್ಲಿಷ್ ಕಲಿತದ್ದು ತೋಟದ ಲೆಕ್ಕದ ಪುಸ್ತಕದಿಂದ. ಮಾರ್ಚ್‌, ಏಪ್ರಿಲ್‌ನಲ್ಲಿ ಬೀಳುವ ಹೂಮಳೆಗೆ ‘ಬ್ಲಾಸಮ್ ಶವರ್’ ಎಂದೂ, ಕೆಲವು ವಾರಗಳ ನಂತರ ಕಾಯಿ ಕಟ್ಟಲು ಬೇಕಾಗುವ ಮಳೆಗೆ ‘ಬ್ಯಾಕಿಂಗ್ ಶವರ್’ ಎಂದೂ ಬರೆಯುತ್ತಿದ್ದೆವು. ‘ಬ್ಯಾಕ್’ ಎಂದರೆ ಬೆನ್ನು, ಹಿಂದೆ ಎಂದಷ್ಟೇ ಗೊತ್ತಿದ್ದ ನಾನು ಅದನ್ನು ಹಿಂದಿನಿಂದ ಬರುವ ಮಳೆ ಎಂದೇ ಬಹಳ ಕಾಲ ತಿಳಿದಿದ್ದೆ. ಮೊದಲ ಮಳೆಗೆ ಬೆಂಬಲವಾಗಿ ನಿಲ್ಲುವುದು ಎಂದು ತೋಟದ ಧಣಿಗಳು ಬಿಡಿಸಿ ಹೇಳಿದಾಗ, ಬೆನ್ನಿಗೆ ಬಲವಾದದ್ದೇ ಬೆಂಬಲ ಎಂಬುದೂ ಅಂದೇ ಹೊಳೆಯಿತು. ಇಂಗ್ಲಿಷ್ ಕಲಿಯಲು ಹೋಗಿ ಕನ್ನಡ ಕಲಿತೆ.

ಅರೇಬಿಕಾ ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ‘ಬೋರರ್’ ಎನ್ನುತ್ತೇವೆ, ಹಿತ್ತಲಲ್ಲಿ ಕೊರೆಸುವುದು ‘ಬೋರ್‌ವೆಲ್’. ಎರಡರಲ್ಲೂ ಕೊರೆತವೇ ಇದೆ. ‘ಪಾಠ ಬೋರ್’ ಎನ್ನುವಾಗ ಅರ್ಥ ಬೇಸರ ಎಂದಾದರೂ, ‘ಗಂಟೆಗಟ್ಟಲೆ ಕೊರೆದ’ ಎಂದು ಆಡಿಕೊಳ್ಳುವ ನಮಗೆ ಅದೇನೂ ವಿಚಿತ್ರವಲ್ಲ. ಇನ್ನೊಂದು ಬಗೆಯ ಕಾಫಿಯಾದ ‘ರೋಬಸ್ಟಾ’ದ ಹೆಸರಿನಲ್ಲಿರುವುದು ಗಟ್ಟಿಮುಟ್ಟು ಎಂಬ ಅರ್ಥ, ಅರೇಬಿಕಾಕ್ಕಿಂತ ಹೆಚ್ಚು ರೋಗ ತಾಳುವ ಗಿಡಕ್ಕೆ ಹೆಸರು ಸರಿಯಾಗಿಯೇ ಇದೆ.

ಚಿಕ್ಕಮಗಳೂರಿನ ಶುಶ್ರೂಷಕಿ:
ಮೇಲಿನ ಇಬ್ಬರು ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ನಮ್ಮ ಬಾಯಲ್ಲಿ ಸವೆದ ಪದ ಇಂಗ್ಲಿಷಿನ ಪೂರ್ಣ ಅರ್ಥವನ್ನು ಉಳಿಸಿಕೊಂಡಿರುವುದಿಲ್ಲ. ತರಕಾರಿ ತರುವ ಚೀಲ ನಮಗೆ ‘ಕವರ್’, ಇಂಗ್ಲಿಷಿನಲ್ಲಿ ಅದು ಹೊದಿಕೆ ಅಥವಾ ಮುಚ್ಚಳ. ಕೈದೀಪ ನಮಗೆ ‘ಬ್ಯಾಟರಿ’, ಅವರಿಗೆ ಅದರೊಳಗಿನ ಸೆಲ್ಲು ಮಾತ್ರ. ತರಬೇತಿಗೆ ಸೇರಿದ ಹೊಸದರಲ್ಲಿ, ಗೋಡೆಯ ಮೇಲೆ ‘ಪ್ಲೀಸ್ ಬಿ ಪೇಷೆಂಟ್’ ಎಂದು ಬರೆದದ್ದನ್ನು ಓದಿ, ಬಂದವರನ್ನೆಲ್ಲ ರೋಗಿಗಳಾಗಿರಿ ಎಂದು ಹಾರೈಸುವುದೇ ಎಂದು ಗಾಬರಿಯಾಗಿದ್ದೆ. ತಾಳ್ಮೆಯಿಂದಿರಿ ಎಂಬ ಅರ್ಥ ತಿಳಿದ ಮೇಲೆ, ನೋವು ತಾಳುವವರಿಗೂ ತಾಳ್ಮೆಯುಳ್ಳವರಿಗೂ ಒಂದೇ ಪದವೇಕೆ ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಮಗಳು ಬಿಡಿ ಪದವನ್ನು ಬರೆಯುವ ಬದಲು, ಪ್ರತಿ ಅರ್ಥಕ್ಕೂ ಒಂದು ಪೂರ್ಣ ಇಂಗ್ಲಿಷ್ ವಾಕ್ಯವನ್ನು ತಾನೇ ಕಟ್ಟಿ ಬರೆಯಲಿ. ದಿನಕ್ಕೆ ಮೂರು ಪದಗಳಾದರೂ ಸಾಕು.

ಸಕಲೇಶಪುರದ ತಾಯಿ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮಗಳು ‘ಪವರ್’ ಪದವನ್ನು ಎತ್ತಿಕೊಂಡಳು. ಮನೆಯ ‘ಪವರ್’ ಹೋದದ್ದು, ನನ್ನ ಕನ್ನಡಕದ ‘ಪವರ್’ ಹೆಚ್ಚಿದ್ದು ಇವೆರಡೂ ಸುಲಭವಾಗಿ ಸಿಕ್ಕವು. ಗಣಿತದ ‘ಪವರ್’ ಕನ್ನಡದಲ್ಲಿ ‘ಘಾತ’ ಏಕಾಯಿತು ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೇಡಂ, ಬಿಡುವಾದಾಗ ತಿಳಿಸುವಿರಾ?