ಗಾಡಿ ಪ್ರಶ್ನೋತ್ತರ: ಏಳು ಸೀಟಿನ ಎಸ್‌ಯುವಿ ತಗೊಳ್ಳೋ ಮುಂಚೆ

ಪ್ರಶ್ನೆ: ನಮಸ್ತೆ ಸರ್. ಮನೇಲಿ ನಾವಿಬ್ರು, ಅತ್ತೆ-ಮಾವ, ಐದು ವರ್ಷದ ಮಗಳು, ಹತ್ತು ತಿಂಗಳ ಮಗ. ಈಗಿರೋ ಚಿಕ್ಕ ಕಾರಲ್ಲಿ ಎಲ್ರೂ ಹಿಡಿಸಲ್ಲ, ಎಲ್ಲಿಗೆ ಹೊರಟ್ರೂ ಯಾರಾದ್ರೂ ಒಬ್ರು ಉಳೀಬೇಕು. ಏಳು ಸೀಟಿನ ಮಿಡ್‌ಸೈಜ್ ಎಸ್‌ಯುವಿ, ಡೀಸೆಲ್ ಆಟೋಮ್ಯಾಟಿಕ್, ಹೆಚ್ಚುಕಮ್ಮಿ ಫೈನಲ್ ಮಾಡಿದೀವಿ. ದಿನದ ಓಡಾಟ ಸ್ಕೂಲು, ಆಫೀಸು ಎಲ್ಲಾ ಸೇರಿ ಹತ್ತು-ಹನ್ನೆರಡು ಕಿಲೋಮೀಟರ್, ಅದೂ ಟ್ರಾಫಿಕ್ಕಲ್ಲಿ. ದೂರದ ಪ್ರಯಾಣ ಎರಡು-ಮೂರು ತಿಂಗಳಿಗೊಮ್ಮೆ. ನಮ್ಮ ನಿರ್ಧಾರ ಸರಿ ಇದೆಯಾ?

ಉತ್ತರ: ಏಳು ಸೀಟು ಸರಿ ಮೇಡಂ, ಡೀಸೆಲ್ ಬೇಡ.

ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ಹೊಗೆಯಲ್ಲಿರೋ ಮಸಿ ಅದರಲ್ಲಿ ಕೂರುತ್ತೆ. ತುಂಬ್ತಾ ಬಂದಾಗ ಇಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸಿ, ಮಸಿ ಸುಟ್ಟುಹಾಕುತ್ತೆ. ಈ ಕೆಲಸಕ್ಕೆ ಇಂಜಿನ್ ಚೆನ್ನಾಗಿ ಬಿಸಿಯಾಗಿ, ನಿಲ್ಲದೆ ಸ್ವಲ್ಪ ಹೊತ್ತು ಓಡ್ತಾ ಇರಬೇಕು. ನಿಮ್ಮದು ನಾಲ್ಕು ಕಿಲೋಮೀಟರ್ ಹೋಗಿ ಆಫ್, ಮತ್ತೆ ನಾಲ್ಕು ಹೋಗಿ ಆಫ್. ಸುಡೋಕೆ ಶುರುವಾಗೋದು, ಅರ್ಧಕ್ಕೇ ನಿಲ್ಲೋದು. ಹೀಗೇ ನಡೆದ್ರೆ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತೆ. ನಮ್ಮಲ್ಲಿಗೆ ಬರೋ ಇಂಥ ಗಾಡಿಗಳ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿದ್ರೆ ಆಯಿಲ್ ಮೇಲಿನ ಗೆರೆ ದಾಟಿ ನಿಂತಿರುತ್ತೆ. ಬೆರಳಲ್ಲಿ ಉಜ್ಜಿದ್ರೆ ನೀರು ನೀರು, ಮೂಸಿದ್ರೆ ಡೀಸೆಲ್ ವಾಸನೆ. ಆಯಿಲ್ ಹೆಚ್ಚಾಗಿದೆ ಅಂದ್ರೆ ಖುಷಿಪಡೋ ವಿಷಯ ಅಲ್ಲ. ತೆಳುವಾದ ಆಯಿಲ್ ಮೊದಲು ತಿನ್ನೋದು ಟರ್ಬೋ ಮತ್ತು ಬೇರಿಂಗುಗಳನ್ನ.

ನಿಮ್ಮ ಓಡಾಟಕ್ಕೆ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟಾರ್ ಇರೋ ಗಾಡಿ) ಸಿಕ್ಕಿದ್ರೆ ಒಳ್ಳೇದು. ನಿಂತು ನಿಂತು ಹೋಗೋ ಟ್ರಾಫಿಕ್ಕಲ್ಲಿ ಬ್ರೇಕ್ ಹಾಕಿದಾಗ ಪೋಲಾಗೋ ಶಕ್ತಿಯನ್ನ ಅದು ಬ್ಯಾಟರಿಗೆ ವಾಪಸ್ ತಗೊಳ್ಳುತ್ತೆ. ಇಲ್ಲಾಂದ್ರೆ ಪೆಟ್ರೋಲ್. ಮೈಲೇಜ್ ಕಮ್ಮಿ ಬರುತ್ತೆ, ಅದನ್ನ ಒಪ್ಪಿಕೊಂಡೇ ತಗೊಳ್ಳಿ.

ಪ್ರಶ್ನೆ (ಅವರೇ): ಯಜಮಾನ್ರು ಡೀಸೆಲ್ ಪುಲ್ಲಿಂಗ್ ಬೇಕೇ ಬೇಕು ಅಂತಾರೆ ಸರ್ 😅 ತಗೊಂಡೇ ಬಿಟ್ರೆ?

ಉತ್ತರ: ತಗೊಂಡ್ರೆ ವಾರಕ್ಕೊಂದು ಸಲ ಹೈವೇಗೆ ಒಯ್ದು ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸೋ ಜವಾಬ್ದಾರಿನೂ ಯಜಮಾನ್ರದ್ದೇ ಅಂತ ಬರೆಸಿಕೊಳ್ಳಿ. ಡಿಪಿಎಫ್ ಲೈಟ್ ಬಂದಾಗ ಇನ್ನೇನು ಮನೆ ಬಂತು ಅಂತ ಆಫ್ ಮಾಡಬಾರದು, ಕೈಪಿಡಿಯಲ್ಲಿ ಹೇಳಿರೋ ಹಾಗೆ ಓಡಿಸಿ ಮುಗಿಸಬೇಕು. ಆಯಿಲ್ ಕೂಡ ಕಂಪನಿ ಹೇಳಿರೋ ಗ್ರೇಡೇ ಆಗಬೇಕು. ಬೇರೆ ಆಯಿಲ್ ಬೂದಿ ಜಾಸ್ತಿ ಬಿಡುತ್ತೆ, ಆ ಬೂದಿ ಯಾವ ಬಿಸಿಗೂ ಸುಡಲ್ಲ.

ಗೇರ್‌ಬಾಕ್ಸ್ ವಿಷಯ ಒಂದೇ ಮಾತು: ಇಂಚಿಂಚು ಜರುಗೋ ಟ್ರಾಫಿಕ್ಕಿಗೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸೋ ಆಟೋಮ್ಯಾಟಿಕ್) ಆರಾಮ. ಎರಡು ಕ್ಲಚ್ಚಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್, ಅದರಲ್ಲೂ ಕ್ಲಚ್ ಆಯಿಲಲ್ಲಿ ಮುಳುಗಿರದ ಡ್ರೈ ಮಾದರಿ ಆದ್ರೆ, ಆ ತೆವಳಾಟದಲ್ಲಿ ಕ್ಲಚ್ ಬಿಸಿಯಾಗುತ್ತೆ.

ಪ್ರಶ್ನೆ (ಅವರೇ): ಸರಿ ಸರ್, ಡೀಸೆಲ್ ಬಗ್ಗೆ ಮನೇಲಿ ಮಾತಾಡ್ತೀನಿ. ಸೀಟಿಂಗ್ ಹೇಗೆ ಮಾಡ್ಕೋಬೇಕು? ಅತ್ತೆ-ಮಾವನ್ನ ಹಿಂದಿನ ಸಾಲಿಗೆ ಕೂರಿಸೋಣ ಅಂದ್ಕೊಂಡಿದ್ವಿ.

ಉತ್ತರ: ಏಳು ಸೀಟು ತಗೊಂಡವರು ಹೆಚ್ಚು ಪೇಚಾಡೋದು ಇಲ್ಲೇ ಮೇಡಂ. ಶೋರೂಮಲ್ಲಿ ಮಧ್ಯದ ಸೀಟನ್ನ ಒಂದೇ ಕೈಲಿ ಮಡಚಿ ತೋರಿಸ್ತಾರೆ. ಅದರ ಮೇಲೆ ಮಗುವಿನ ಸೀಟ್ ಕೂತ ಮೇಲೆ ಬಹಳಷ್ಟು ಗಾಡಿಗಳಲ್ಲಿ ಆ ಸೀಟ್ ಮಡಚೋಕೇ ಆಗಲ್ಲ. ಅಂದ್ರೆ ಹಿಂದಿನ ಸಾಲಿಗೆ ಹೋಗೋಕೆ ಉಳಿಯೋದು ಇನ್ನೊಂದು ಪಕ್ಕ ಮಾತ್ರ. ಮಂಡಿ ನೋವಿರೋ ಹಿರಿಯರು ಅಲ್ಲಿ ಬಗ್ಗಿ, ಕಾಲೆತ್ತಿ ನುಸುಳಬೇಕು. ಒಳಗೆ ಹೋದ ಮೇಲೂ ನೆಲ ಎತ್ತರ, ಮಂಡಿ ಎದೆ ಹತ್ರ ಬರುತ್ತೆ.

ನಾನಾಗಿದ್ರೆ ಮಾವನ್ನ ಮುಂದೆ ಕೂರಿಸ್ತೀನಿ. ಮಧ್ಯದ ಸಾಲಲ್ಲಿ ಪಾಪು ಸೀಟ್, ಪಕ್ಕದಲ್ಲಿ ಅತ್ತೆಯವರು. ಹಿಂದೆ ಮಗಳು, ಅವಳ ಜೊತೆ ನಿಮ್ಮಿಬ್ಬರಲ್ಲಿ ಗಾಡಿ ಓಡಿಸದೇ ಇರೋರು. ಮಗಳಿಗೆ ಬೆನ್ನಿರೋ ಬೂಸ್ಟರ್ ಸೀಟ್ ಬೇಕು. ಹಿಂದಿನ ಸಾಲಲ್ಲಿ ಭುಜದ ಮೇಲಿಂದ ಬರೋ ಮೂರು ಪಾಯಿಂಟ್ ಬೆಲ್ಟ್ ಇದೆಯಾ, ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತಾ (ಪಕ್ಕದ ಕಿಟಕಿ ಮೇಲೆ ಪರದೆ ಥರ ಇಳಿಯೋ ಏರ್‌ಬ್ಯಾಗ್ ಅದು), ಎರಡನ್ನೂ ಕೇಳಿ ಖಾತ್ರಿ ಮಾಡ್ಕೊಳ್ಳಿ. ಕೆಲವು ಗಾಡಿಗಳಲ್ಲಿ ಕರ್ಟನ್ ಎರಡನೇ ಸಾಲಿಗೇ ಮುಗಿಯುತ್ತೆ.

ಪಾಪು ಇನ್ನೂ ಹಿಂದಕ್ಕೆ ಮುಖ ಮಾಡೇ ಕೂರಬೇಕು. ವಿಶ್ವಸಂಸ್ಥೆಯ ಆರ್129 ಅನ್ನೋ ಮಕ್ಕಳ ಸೀಟಿನ ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ. ಸೀಟಿನ ಅಳತೆ, ತೂಕದ ಮಿತಿ ಬಿಡೋವರೆಗೂ ಹಾಗೇ ಇಟ್ರೆ ಇನ್ನೂ ಒಳ್ಳೇದು. ಅಂಥ ಸೀಟು ಮುಂದುಗಡೆ, ಏರ್‌ಬ್ಯಾಗ್ ಆನ್ ಇರೋ ಜಾಗದಲ್ಲಿ ಯಾವತ್ತೂ ಬೇಡ. ಫಿಟ್ ಮಾಡಿದ ಮೇಲೆ ಬುಡದಲ್ಲಿ, ಐಸೊಫಿಕ್ಸ್ (ಮಗುವಿನ ಸೀಟನ್ನ ಗಾಡಿಗೆ ಸಿಕ್ಕಿಸೋ ಕೊಂಡಿ) ಅಥವಾ ಬೆಲ್ಟ್ ಹಾದುಹೋಗೋ ಹತ್ರ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಜರುಗಿದ್ರೆ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಟೆಸ್ಟ್ ಡ್ರೈವಿಗೆ ಹೋಗುವಾಗ ಅತ್ತೆ-ಮಾವ, ಪಾಪು ಸೀಟು, ನಿಮ್ಮ ಸ್ಟ್ರೋಲರ್ ಎಲ್ಲಾ ತಗೊಂಡು ಹೋಗಿ. ಮೂರನೇ ಸಾಲು ಎತ್ತಿಟ್ಟು ಡಿಕ್ಕಿ ಬಾಗಿಲು ಹಾಕಿ ನೋಡಿ. ಸ್ಟ್ರೋಲರ್ ಹಿಡಿಸದೇ ವಾಪಸ್ ಬಂದವರು ಸುಮಾರು ಜನ ಇದಾರೆ.

ಪ್ರಶ್ನೆ (ಇನ್ನೊಬ್ಬರು): ಮಧ್ಯೆ ಬಾಯಿ ಹಾಕ್ತಿದೀನಿ ಅಣ್ಣಾ. ನಮ್ಮದು ಇದೇ ಥರದ ಗಾಡಿ. ಏಳೂ ಜನ ದೊಡ್ಡವರು ಕೂತ್ರೆ ಲಗೇಜಿಗೆ ಜಾಗ ಇರಲ್ಲ, ಅದಕ್ಕೆ ರೂಫ್ ಬಾಕ್ಸ್ ಹಾಕಿಸ್ತಿದೀನಿ. ಎಷ್ಟು ತುಂಬಬಹುದು?

ಉತ್ತರ: ಬಾಕ್ಸ್ ಎಷ್ಟು ಹಿಡಿಸುತ್ತೆ ಅನ್ನೋದಲ್ಲ ತಮ್ಮಾ, ಗಾಡಿ ಎಷ್ಟು ಹೊರುತ್ತೆ ಅನ್ನೋದು ಲೆಕ್ಕ. ಉದಾಹರಣೆಗೆ, ಗಾಡಿಯ ಗರಿಷ್ಠ ಒಟ್ಟು ತೂಕ 2300 ಕಿಲೋ, ಖಾಲಿ ತೂಕ 1750 ಅಂತಿಟ್ಕೋ. ಹೊರೋಕೆ ಉಳಿದಿದ್ದು 550. ತಲಾ 75 ಕಿಲೋ ಹಿಡಿದ್ರೂ ಏಳು ಜನಕ್ಕೇ 525 ಆಯ್ತು. ಇನ್ನು 25 ಕಿಲೋದಲ್ಲಿ ಬಾಕ್ಸ್, ಅದರ ಕಂಬಿ, ಬ್ಯಾಗು ಎಲ್ಲಾ ಬರಬೇಕು. ಖಾಲಿ ಬಾಕ್ಸೇ ಹದಿನೈದು-ಇಪ್ಪತ್ತು ಕಿಲೋ ತೂಗುತ್ತೆ! ನಿನ್ನ ಗಾಡಿಯ ಅಂಕಿ ಕೈಪಿಡಿಯಲ್ಲಿದೆ, ತೆಗೆದು ಕಳೆದು ನೋಡು.

ರೂಫಿಗೆ ಬೇರೆ ಮಿತಿ ಇರುತ್ತೆ. ಸಾಮಾನ್ಯವಾಗಿ 75 ಕಿಲೋ ಆಸುಪಾಸು, ಕೆಲವಕ್ಕೆ ಇನ್ನೂ ಕಮ್ಮಿ, ಅದೂ ಕಂಬಿ ಮತ್ತು ಬಾಕ್ಸ್ ತೂಕ ಸೇರಿಸಿ. ಎಸ್‌ಯುವಿ ಮೊದಲೇ ಎತ್ತರದ ಗಾಡಿ. ನೆತ್ತಿ ಮೇಲೆ ಭಾರ ಹೇರಿದಷ್ಟೂ ತಿರುವಲ್ಲಿ ವಾಲಾಟ ಜಾಸ್ತಿ. ಹಾಸಿಗೆ, ಬಟ್ಟೆಯಂಥ ಹಗುರದ್ದು ಮೇಲೆ. ಭಾರದ್ದೆಲ್ಲ ಒಳಗೆ, ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ ಇಡು. ಏಳು ಜನ ಕೂತಾಗ ಅದಕ್ಕೆ ಜಾಗ ಇಲ್ಲ ಅಂದ್ರೆ ಆ ಪ್ರಯಾಣಕ್ಕೆ ಎರಡು ಗಾಡಿ ಬೇಕು ಅಂತಲೇ.

ಪ್ರಶ್ನೆ (ಅವರೇ): ಲೋಡ್ ಇದ್ದಾಗ ಗಾಳಿ ಎಷ್ಟು ಹಾಕಿಸ್ಲಿ? ಟೈರ್ ಪಕ್ಕದಲ್ಲಿ 44 ಅಂತಿದೆ.

ಉತ್ತರ: ಅದು ಟೈರಿನ ಗರಿಷ್ಠ ಮಿತಿ, ನಿನ್ನ ಗಾಡಿಗೆ ಹಾಕಬೇಕಾದ್ದಲ್ಲ. ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ನೋಡು, ಚಿಕ್ಕ ಸ್ಟಿಕ್ಕರ್ ಇರುತ್ತೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಬಹಳಷ್ಟು ಗಾಡಿಗಳಲ್ಲಿ ಎರಡು ಸಾಲು: ಒಂದರ ಪಕ್ಕ ಇಬ್ಬರು-ಮೂವರ ಚಿತ್ರ, ಇನ್ನೊಂದರ ಪಕ್ಕ ತುಂಬಿದ ಸೀಟು, ಸೂಟ್‌ಕೇಸ್ ಚಿತ್ರ. ತುಂಬಿದ ಸಾಲಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರದ ಅಂಕಿ ಜಾಸ್ತಿ ಇರುತ್ತೆ ನೋಡು, ಮುಂದಕ್ಕೂ ಹಿಂದಕ್ಕೂ ಆ ಸಾಲಲ್ಲಿರೋ ಅಂಕಿಯನ್ನೇ ಹಾಕಿಸು. ಟೈರ್ ತಣ್ಣಗಿದ್ದಾಗಲೇ ಅಳೀಬೇಕು, ಗಾಡಿ ನಿಂತು ಮೂರು ಗಂಟೆಯಾದ್ರೂ ಆಗಿರಬೇಕು. ವಾಪಸ್ ಬಂದ ಮೇಲೆ ಮತ್ತೆ ಖಾಲಿ ಗಾಡಿಯ ಅಂಕಿಗೆ ಇಳಿಸೋದು ಮರೀಬೇಡ.

ಪ್ರಶ್ನೆ (ಮತ್ತೊಬ್ಬರು): ಫ್ಯಾಮಿಲಿ ಸೇಫ್ಟಿಗೆ ಆಲ್ ವೀಲ್ ಡ್ರೈವ್ ತಗೊಂಡ್ರೆ ಒಳ್ಳೇದಲ್ವಾ ಸರ್?

ಉತ್ತರ: ಕೆಸರು, ಮಂಜು, ಜಾರೋ ಏರು ನಿಮ್ಮ ದಾರೀಲಿ ಇದ್ರೆ ತಗೊಳ್ಳಿ. ಅದು ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಕೊಡೋದು, ಗಾಡಿ ಹೊರಡೋಕೆ ಸಹಾಯ, ನಿಲ್ಲಿಸೋಕೆ ಅಲ್ಲ. ಬ್ರೇಕ್ ಎಲ್ಲಾ ಗಾಡಿಗೂ ನಾಲ್ಕೂ ಚಕ್ರಕ್ಕಿರುತ್ತೆ, ಹಿಡಿತ ಕೊಡೋದು ಟೈರು. ಜೊತೆಗೆ ಒಂದು ಟೈರ್ ಹಾಳಾದ್ರೆ ಒಂದನ್ನೇ ಬದಲಾಯಿಸೋದು ಕಷ್ಟ. ಸವೆತದಲ್ಲಿ ವ್ಯತ್ಯಾಸ ಇದ್ರೆ ಸುತ್ತಳತೆ ಬೇರೆಯಾಗಿ ಮುಂದಿನ-ಹಿಂದಿನ ಚಕ್ರಗಳನ್ನ ಜೋಡಿಸೋ ಮಧ್ಯದ ಕ್ಲಚ್ ಸುಮ್ಮನೆ ದುಡಿದು ಬಿಸಿಯಾಗುತ್ತೆ. ಅದರ ಬದಲು ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಜಾರಿದ್ರೆ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರೋದು) ಇರೋ ವೇರಿಯಂಟೇ ಆಗಬೇಕು ಅಂತ ಹಠ ಹಿಡೀರಿ.

ಪ್ರಶ್ನೆ (ಮೊದಲಿನವರು): ಥ್ಯಾಂಕ್ಸ್ ಸರ್. ಶನಿವಾರ ಪೆಟ್ರೋಲ್ ಮತ್ತು ಹೈಬ್ರಿಡ್ ಎರಡೂ ಟೆಸ್ಟ್ ಡ್ರೈವ್. ಅತ್ತೆ-ಮಾವ, ಸ್ಟ್ರೋಲರ್ ಸಮೇತ ಹೊರಟಿದೀವಿ. ಇನ್ನೇನಾದ್ರೂ ನೋಡಬೇಕಾ?

ಉತ್ತರ: ಸ್ಟೆಪ್ನಿ ಎಲ್ಲಿದೆ ಕೇಳಿ. ಕೆಲವಲ್ಲಿ ಗಾಡಿಯ ಹೊಟ್ಟೆ ಕೆಳಗೆ ನೇತುಹಾಕಿರ್ತಾರೆ, ಡಿಕ್ಕಿ ಒಳಗಿಂದ ರಾಡ್ ತಿರುಗಿಸಿ ಇಳಿಸಬೇಕು. ಲಗೇಜ್ ತುಂಬಿದ್ರೆ ರಸ್ತೆ ಮೇಲೆ ಎಲ್ಲಾ ಇಳಿಸಿಯೇ ಮುಂದಿನ ಕೆಲಸ. ಸಣ್ಣ ಸ್ಟೆಪ್ನಿ ಆಗಿದ್ರೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ. ಹೈಬ್ರಿಡ್‌ನಲ್ಲಿ ಸ್ಟೆಪ್ನಿಯೇ ಇಲ್ಲದೆ ಪಂಕ್ಚರ್ ಕಿಟ್ ಮಾತ್ರ ಕೊಟ್ಟಿರಬಹುದು, ಬುಕ್ ಮಾಡೋ ಮುಂಚೆಯೇ ನೋಡ್ಕೊಳ್ಳಿ. ಆಮೇಲೆ, ಎರಡೂ ಗಾಡಿಯ ಬಾಗಿಲ ಸ್ಟಿಕ್ಕರ್ ಫೋಟೊ ಮತ್ತು ಖಾಲಿ ತೂಕ, ಒಟ್ಟು ತೂಕದ ಅಂಕಿ ಇಲ್ಲಿ ಹಾಕಿ. ನಿಮ್ಮ ಆರು ಜನದ ಲೆಕ್ಕ ಹಾಕಿ ಹೇಳ್ತೀನಿ.