ಕ್ಯಾಶ್‌ಗೆ ಹಗೇವು ಅನ್ನಬಹುದಾ? ಡರ್ಟಿ ಪೇಜ್‌ಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ರಾಯಚೂರಿನ ಒಂದು ದಲಾಲಿ ಅಂಗಡಿಯ ಕಂಪ್ಯೂಟರ್ ನಾನು ನೋಡಿಕೊಳ್ಳುತ್ತೇನೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ, 16 ಜಿಬಿ ಮೆಮೊರಿ, ಹಳೇ ಹಾರ್ಡ್‌ಡಿಸ್ಕ್. ಹತ್ತಿ ಸೀಸನ್‌ನಲ್ಲಿ ಬ್ಯಾಕಪ್ ಶುರುವಾದರೆ ಸಾಕು, ಬಿಲ್ ಮಾಡೋ ಪರದೆ ಅರ್ಧ ನಿಮಿಷ ಕಲ್ಲಾಗಿ ಕೂರುತ್ತಿತ್ತು. "ಸಾವ್ಕಾರ್ರೇ, ಕ್ಯಾಶ್ ಭಾಳ ತುಂಬೇದ್ರಿ, ಸ್ವಲ್ಪ ಕಡಿಮಿ ಮಾಡ್ತೀನಿ" ಅಂದೆ. ಅವರು ಗಾಬರಿಯಾಗಿ ಗಲ್ಲಾಪೆಟ್ಟಿಗೆ ನೋಡಿದರು!

ನಾನು ಹೇಳಿದ್ದು ದುಡ್ಡಿನ ಕ್ಯಾಶ್ (cash) ಅಲ್ಲ, ಡಿಸ್ಕಿನ ಮಾಹಿತಿ ಬೇಗ ಕೈಗೆ ಸಿಗಲಿ ಅಂತ ಮೆಮೊರಿಯಲ್ಲಿ ಇಟ್ಟುಕೊಳ್ಳೋ ಕ್ಯಾಶ್ (cache). ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನೋ ಹುಳ ಅವತ್ತಿಂದ ತಲೆಯಲ್ಲಿದೆ. ಅದರ ಮೂಲ ಫ್ರೆಂಚ್, 'ಬಚ್ಚಿಡು' ಅಂತ ಅರ್ಥ. ಇಂಗ್ಲಿಷಿನಲ್ಲಿ ಮೊದಲು ಕಾಳುಕಡ್ಡಿ ಬಚ್ಚಿಡೋ ಗುಂಡಿಗೂ ಹೀಗೇ ಅನ್ನುತ್ತಿದ್ದರು. ಅಂದರೆ ಥೇಟ್ ನಮ್ಮ ಹಗೇವು, ಅಲ್ವಾ? ಆದರೆ ಕೆಲಸ ನೋಡಿದರೆ ಹೊಂದುವುದಿಲ್ಲ. ಹಗೇವಿಗೆ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ತಿಂಗಳುಗಟ್ಟಲೆ ಮುಟ್ಟುವುದಿಲ್ಲ. ತೆಗೆದರೂ ಒಳಗಿನ ಕೆಟ್ಟ ಗಾಳಿ ಹೋಗೋವರೆಗೆ ಇಳಿಯುವಂತಿಲ್ಲ. ಹಾಗೆ ನೋಡಿದರೆ ಡಿಸ್ಕೇ ಹಗೇವು. ಕ್ಯಾಶ್ ಅಂದರೆ ಒಲೆ ಪಕ್ಕದ ಹಿಟ್ಟಿನ ಡಬ್ಬಿ. 'ಕೈಗಡ' ಇದ್ದ ಹಾಗೆ 'ಕೈದಾಸ್ತಾನು' ಅಂದರೆ ನಡೆಯುತ್ತಾ? 'ಸಂಗ್ರಹ' ಬೇಡ, ಅದು ಡಿಸ್ಕಿಗೂ ಹೊಂದುತ್ತದೆ.

ಇನ್ನೂ ತೊಡಕಿನದು 'ಡರ್ಟಿ ಪೇಜ್'. 'ಕೊಳಕು ಪುಟ' ಅಂದರೆ ಏನೋ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿರುವುದು ಏನೂ ಇಲ್ಲ. ಪುಟ ಅಂದರೆ ಮೆಮೊರಿಯ ಒಂದು ತುಂಡು. ಅದರಲ್ಲಿರೋದು ಬದಲಾಗಿದೆ, ಬದಲಾದದ್ದು ಡಿಸ್ಕಿಗೆ ಇನ್ನೂ ಹೋಗಿಲ್ಲ, ಅಷ್ಟೇ. ಅಂಗಡಿಯಲ್ಲಿ ದಿನಾ ನಡೆಯೋದೂ ಇದೇ: ತೂಕ ಆದ ಕೂಡಲೇ ಚೀಟಿಯಲ್ಲಿ ಗೀಚುತ್ತಾರೆ, ಬಿಡುವಾದಾಗ ಖಾತೆಗೆ ಹಚ್ಚುತ್ತಾರೆ. ಹಚ್ಚದೆ ಉಳಿದ ಚೀಟಿಗಳೇ ಡರ್ಟಿ ಪೇಜ್. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಹಳೆಯದಾದ ಚೀಟಿಯನ್ನು ಹಚ್ಚಲು ತೆಗೆಯುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಚೀಟಿಯೂ ಹೋಯಿತು.

ನಮ್ಮ ಅಂಗಡಿಯ ತೊಂದರೆಯೂ ಇಲ್ಲೇ ಇತ್ತು. 'ಡರ್ಟಿ ರೇಷಿಯೋ', ಅಂದರೆ ಹಚ್ಚದ ಚೀಟಿ ಮೆಮೊರಿಯಲ್ಲಿ ಶೇಕಡಾ ಎಷ್ಟರವರೆಗೆ ಕೂಡಬಹುದು ಅನ್ನೋ ಮಿತಿ, ಮೊದಲಿಂದ ಇದ್ದ ಹಾಗೆ 20. ಅಂದರೆ ಸುಮಾರು 3 ಜಿಬಿ ಚೀಟಿ ಕೂಡಿಬೀಳುತ್ತಿತ್ತು. ಸೆಕೆಂಡಿಗೆ 100 ಎಂಬಿ ಬರೆಯೋ ಡಿಸ್ಕಿಗೆ ಅದು ಅರ್ಧ ನಿಮಿಷದ ಕೆಲಸ. ಅಷ್ಟು ಹೊತ್ತು ಗಿರಾಕಿ ನಿಂತೇ ಇರಬೇಕು. 20 ಇದ್ದದ್ದನ್ನು 5 ಮಾಡಿದೆ. ಹಿನ್ನೆಲೆಯಲ್ಲಿ ಬರೆಯಲು ಶುರುಮಾಡೋ ಮಿತಿಯನ್ನು 10ರಿಂದ 2ಕ್ಕೆ ಇಳಿಸಿದೆ. ಈಗ ಆಗಾಗ ಸ್ವಲ್ಪ ಸ್ವಲ್ಪ ಬರೆಯುತ್ತದೆ, ಪರದೆ ನಿಲ್ಲುವುದಿಲ್ಲ.

ಅದಕ್ಕೇ 'ಡರ್ಟಿ ಪೇಜ್'ಗೆ 'ಬಾಕಿ ಪುಟ' ಅಂತ ಬರೆದುಕೊಂಡಿದ್ದೇನೆ. ಆ ಬಾಕಿಯನ್ನು ಡಿಸ್ಕಿಗೆ ಬರೆಯೋ 'ಫ್ಲಶ್'ಗೆ ಮಾತ್ರ ಎರಡು ಮನಸ್ಸು. ಬೆಂಗಳೂರಿನ ಗೆಳೆಯ 'ಡಿಸ್ಕಿಗೆ ಇಳಿಸು' ಅನ್ನುತ್ತಾನೆ. ನನ್ನ ಬಾಯಿಗೆ 'ಡಿಸ್ಕಿಗೆ ಹಚ್ಚು' ಅಂತಲೇ ಬರುತ್ತದೆ. ಮೈಸೂರು ಕಡೆಯವರಿಗೆ 'ಹಚ್ಚು' ಅಂದರೆ ದೀಪ ಮಾತ್ರ ನೆನಪಾಗುತ್ತದಾ?