ನಿನಗೆ ಯಾವ ಡಿಪೋ ಇದೆ?

ಬೆಂಗಳೂರಿನಿಂದ ಕೊಪ್ಪದ ಅತ್ತೆ ಮನೆಗೆ ಬಾಡಿಗೆ ಇಲೆಕ್ಟ್ರಿಕ್ ಕಾರಿನಲ್ಲಿ (ಇ.ವಿ.) ಹೋಗುವುದೋ ಬೇಡವೋ ಅಂತ ದಸರಾ ರಜೆಗೆ ಮೂರು ವಾರ ಮುಂಚೆ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಹೂವು, ಯಾರದೋ ನಾಮಕರಣದ ಫೋಟೊ, ಅತ್ತೆ ತಪ್ಪಿ ಒತ್ತಿದ ಏಳು ಸೆಕೆಂಡಿನ ವಾಯ್ಸ್ ಮೆಸೇಜ್, ಇಷ್ಟನ್ನು ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ ಇದೆ.

ಪುಟ್ಟ: ಈ ಸ್ಕ್ರೀನ್‌ಶಾಟ್ ನೋಡಿ. ನೆಕ್ಸಾನ್ ಇ.ವಿ., ದೊಡ್ಡ ಬ್ಯಾಟರಿಯದ್ದು. ನಾಲ್ಕು ದಿನಕ್ಕೆ ಬಾಡಿಗೆ 13,200. ಕಿಲೋಮೀಟರ್ ಮಿತಿ ಇಲ್ಲ. ಕೊಪ್ಪಕ್ಕೆ ಇದರಲ್ಲೇ ಹೋಗೋಣವಾ?

ಅಕ್ಕ: ಎಷ್ಟು ಜನ ಹೊರಟಿದ್ದೀರಿ? ಅಮ್ಮನ ಎರಡು ಬ್ಯಾಗ್ ಡಿಕ್ಕಿಯಲ್ಲಿ ಹಿಡಿಯುತ್ತದಾ, ಮೊದಲು ಅದನ್ನು ಹೇಳು.

ಚಿಕ್ಕಪ್ಪ: ಬೇಡ.

ಪುಟ್ಟ: ಚಿಕ್ಕಪ್ಪ, ಪೂರ್ತಿ ಓದಿದಿರಾ?

ಚಿಕ್ಕಪ್ಪ: ಓದುವುದೇನಿದೆ? ಪೆಟ್ರೋಲ್ ಮುಗಿದರೆ ಕ್ಯಾನ್ ಹಿಡಿದು ಬೈಕಿನವನ ಹಿಂದೆ ಕೂತು ಹೋಗಿ ತರಬಹುದು. ಕರೆಂಟನ್ನು ಯಾವ ಕ್ಯಾನಿನಲ್ಲಿ ತರುತ್ತೀಯಾ?

ಮೂರು ನಿಮಿಷ ಬಿಟ್ಟು ಚಿಕ್ಕಪ್ಪನಿಂದ ಒಂದು ಫಾರ್ವರ್ಡ್ ಬಂತು. ಮೇಲೆ ಎರಡು ಬಾಣದ ಗುರುತು, ಅಂದರೆ ನಾಲ್ಕಾರು ಗುಂಪು ಸುತ್ತಿ ಬಂದ ಸರಕು. ಕಾರು ಬಾಡಿಗೆಗೆ ಕೊಡುವ ಅಮೆರಿಕದ ಹರ್ಟ್ಜ್ ಕಂಪನಿ ತನ್ನ ಇಲೆಕ್ಟ್ರಿಕ್ ಕಾರುಗಳನ್ನೆಲ್ಲ ಮಾರಿಬಿಟ್ಟಿದೆ, ದಾರಿ ಮಧ್ಯೆ ಬ್ಯಾಟರಿ ಕೈಕೊಡುವುದೇ ಕಾರಣ, ಎಚ್ಚರ, ಎಲ್ಲರಿಗೂ ಕಳಿಸಿ, ಅಂತ ಇತ್ತು.

ಚಿಕ್ಕಪ್ಪ: ಅಮೆರಿಕದಲ್ಲೇ ಹೀಗಂತೆ. ಇನ್ನು ಬಾಳೆಹೊನ್ನೂರಿನಲ್ಲಿ ಹೇಗೋ.

ನ್ಯೂಜೆರ್ಸಿ ಭಾವ: ಇಲ್ಲಿ ಬೆಳಿಗ್ಗೆ ಆರು ಗಂಟೆ, ಆದರೂ ಇದಕ್ಕೆ ಉತ್ತರ ಕೊಡದೆ ಕಾಫಿ ಇಳಿಯುವುದಿಲ್ಲ. ಮಾರಿದ್ದು ನಿಜ. 2021ರ ಅಕ್ಟೋಬರಿನಲ್ಲಿ 1 ಲಕ್ಷ ಟೆಸ್ಲಾ ಇ.ವಿ. ತಗೊಳ್ಳುತ್ತೇವೆ ಅಂತ ದೊಡ್ಡದಾಗಿ ಹೇಳಿದರು. 2024ರ ಜನವರಿಯಲ್ಲಿ ಸುಮಾರು 20,000 ಇ.ವಿ. ಮಾರುತ್ತೇವೆ ಅಂದರು. ಅದು ಅವರ ಹತ್ತಿರ ಇದ್ದ ಇ.ವಿ.ಗಳಲ್ಲಿ ಮೂರನೇ ಒಂದು ಭಾಗ, ಎಲ್ಲವೂ ಅಲ್ಲ. ಕಾರಣವೂ ಬೇರೆ. ಟೆಸ್ಲಾದವರು ಹೊಸ ಕಾರಿನ ಬೆಲೆಯನ್ನೇ ಇಳಿಸುತ್ತಾ ಹೋದರು, ಹಾಗಾಗಿ ಇವರ ಹಳೇ ಕಾರಿಗೆ ಬೆಲೆ ಇಲ್ಲದಂತಾಯಿತು. ಗುದ್ದಿಕೊಂಡು ಬಂದ ಕಾರಿನ ರಿಪೇರಿಯೂ ದುಬಾರಿ ಬಿತ್ತು. ಅದು ಮಾಲೀಕನ ತಲೆನೋವು ಚಿಕ್ಕಪ್ಪ. ನಾಲ್ಕು ದಿನ ಓಡಿಸಿ ಕೀ ವಾಪಸ್ ಕೊಡುವವನಿಗೆ ಮರುಮಾರಾಟದ ಬೆಲೆ ಯಾಕೆ?

ಚಿಕ್ಕಪ್ಪ: ರಿಪೇರಿ ದುಬಾರಿ ಅಂತ ನೀನೇ ಹೇಳಿದೆಯಲ್ಲ. ಗುದ್ದಿದರೆ ಯಾರ ಕೈಯಿಂದ ವಸೂಲಿ?

ಇದಕ್ಕೆ ಭಾವ ಒಂದು ಹೆಬ್ಬೆರಳು ಹಾಕಿ ಸುಮ್ಮನಾದರು. ಚಿಕ್ಕಪ್ಪ ಸುಮ್ಮನೆ ಮಾತಾಡುವವರಲ್ಲ. ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಸ್ಸು ಗೇಟಿನೊಳಗೆ ಬರುವ ಸದ್ದಿನಲ್ಲೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಿದ್ದರು. ಸದ್ದೇ ಇಲ್ಲದ ಗಾಡಿಯ ಮೇಲೆ ಅವರಿಗೆ ಸಿಟ್ಟು ಬರುವುದು ಸಹಜ, ಅಲ್ವಾ?

ಪುಟ್ಟ: ನಿಮ್ಮ ಕೆಎಸ್‌ಆರ್‌ಟಿಸಿಯೇ 2023ರಿಂದ ಇ.ವಿ. ಬಸ್ ಬಿಟ್ಟಿದೆ ಚಿಕ್ಕಪ್ಪ. ಮೊದಲು ಮೈಸೂರಿಗೆ, ಆಮೇಲೆ ಮಡಿಕೇರಿಗೆ, ಚಿಕ್ಕಮಗಳೂರಿಗೆ. ಅಷ್ಟು ದೊಡ್ಡ ಬಸ್ಸೇ ಹೋಗುತ್ತದೆ, ನಮ್ಮ ಕಾರು ಹೋಗಲ್ವಾ?

ಚಿಕ್ಕಪ್ಪ: ಹೋಗುತ್ತದೆ. ಯಾಕೆ ಹೋಗುತ್ತದೆ ಅಂದರೆ ಅವರಿಗೆ ಗೊತ್ತಿರುವ ಜಾಗದಲ್ಲಿ ಅವರದೇ ಚಾರ್ಜರ್ ಇದೆ. ಗಾಡಿ ಒಳಗೆ ಬಂದರೆ ಸಿಕ್ಕಿಸಲು ಆಳು ಇದ್ದಾನೆ, ಕೆಟ್ಟರೆ ಇನ್ನೊಂದು ಗಾಡಿ ಇದೆ. ನಿನಗೆ ಯಾವ ಡಿಪೋ ಇದೆ?

ಗುಂಪು ಹತ್ತು ನಿಮಿಷ ತಣ್ಣಗಾಯಿತು. ನನಗೂ ಆವತ್ತಿನವರೆಗೆ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಎಲ್ಲರೂ ಕೇಳುವುದು ಒಂದೇ, ಎಷ್ಟು ಓಡುತ್ತದೆ ಅಂತ.

ನಾನು: ಚಿಕ್ಕಪ್ಪ ಹೇಳಿದ್ದು ಸರಿ. ಹೋದ ಡಿಸೆಂಬರಿನಲ್ಲಿ ನಾವು ಮೂವರು ಬಾಡಿಗೆ ಇ.ವಿ.ಯಲ್ಲಿ ಸಕಲೇಶಪುರಕ್ಕೆ ಹೋಗಿದ್ದೆವಲ್ಲ, ಆಗಿನ ಕಥೆ ಪೂರ್ತಿ ಹೇಳಿರಲಿಲ್ಲ. ಹಾಸನಕ್ಕೆ ಸ್ವಲ್ಪ ಮುಂಚೆ ಒಂದು ಹೋಟೆಲಿನ ಹಿಂದೆ ಚಾರ್ಜರ್. ಆ್ಯಪಿನಲ್ಲಿ ಹಸಿರು ಚುಕ್ಕೆ, ಖಾಲಿ ಇದೆ ಅಂತ. 500 ರೂಪಾಯಿ ತುಂಬಿಸಿಕೊಂಡ ಮೇಲೇ ಅದು ಮಾತಾಡಿದ್ದು. ಚಾರ್ಜರಿನ ಗನ್ ಕಾರಿಗೆ ಸಿಕ್ಕಿಸಿದರೆ ಪರದೆಯಲ್ಲಿ ಕೆಂಪು ಅಕ್ಷರ. ತೆಗೆದೆ, ಮತ್ತೆ ಸಿಕ್ಕಿಸಿದೆ. ಸಹಾಯವಾಣಿಗೆ ಫೋನ್ ಮಾಡಿದರೆ ಬರೀ ಹಾಡು. ಮಗು ಅಳುತ್ತಿದೆ, ಇವಳು ನನ್ನನ್ನೇ ನೋಡುತ್ತಿದ್ದಾಳೆ. ಇಪ್ಪತ್ತೈದು ನಿಮಿಷ ಆದ ಮೇಲೆ ವಾಚ್‌ಮನ್ ಬಂದ. ಚಾರ್ಜರ್ ಪಕ್ಕದಲ್ಲಿ ಅಣಬೆ ಥರ ಒಂದು ದಪ್ಪ ಕೆಂಪು ಗುಂಡಿ ಇತ್ತು. ‘ಮಕ್ಕಳು ಒತ್ತಿ ಓಡಿಹೋಗುತ್ತವೆ ಸಾರ್’ ಅಂತ ಅದನ್ನು ಬಲಕ್ಕೆ ತಿರುಗಿಸಿದ. ಟಕ್ ಅಂತ ಹೊರಗೆ ಬಂತು. ಕೆಂಪು ಹೋಗಿ ಹಸಿರಾಯಿತು. ತುರ್ತು ನಿಲುಗಡೆ ಗುಂಡಿ ಅಂತೆ. ಒತ್ತಿದ್ದರೆ ಒಳಗೇ ಕೂತಿರುತ್ತದೆ, ತಿರುಗಿಸುವವರೆಗೆ ಏನೂ ನಡೆಯುವುದಿಲ್ಲ.

ಅಕ್ಕ: ‘ಟ್ರಾಫಿಕ್ ಜಾಸ್ತಿ ಇತ್ತು’ ಅಂದಿದ್ದೆ ಆವತ್ತು!

ಚಿಕ್ಕಪ್ಪ: 😂 ಅದಕ್ಕೇ ಹೇಳಿದ್ದು.

ನಾನು: ಇನ್ನೂ ಮುಗಿದಿಲ್ಲ. ಆಮೇಲೆ ಹೋಂಸ್ಟೇಗೆ ತಲುಪಿ ಕಾರಿನ ಜೊತೆ ಕೊಟ್ಟ ಸಣ್ಣ ಚಾರ್ಜರನ್ನು ಗೀಸರಿನ ಪ್ಲಗ್ಗಿಗೆ ಹಾಕಿ ಮಲಗಿದೆವು. ಬೆಳಿಗ್ಗೆ ಏಳುವ ಹೊತ್ತಿಗೆ 96 ಪರ್ಸೆಂಟ್ ತೋರಿಸುತ್ತಿತ್ತು. ಆಮೇಲೆ ಎರಡು ದಿನ ಕಾರಿನ ಯೋಚನೆಯೇ ಬರಲಿಲ್ಲ. ಅಂದರೆ ರಾತ್ರಿ ನಿಲ್ಲುವ ಜಾಗದಲ್ಲಿ 15 ಆಂಪ್ ಪ್ಲಗ್ ಇದ್ದರೆ ಅದೇ ಡಿಪೋ. ನಮಗೆ ಅತ್ತೆ ಮನೆ ಇದೆ.

ಕೊಪ್ಪದ ಅತ್ತೆ: ನನ್ನ ಮನೆ ಯಾವಾಗಿನಿಂದ ಡಿಪೋ ಆಯಿತು?

ನಾನು: ಅತ್ತೆ, ನೋಡಿದಿರಾ 🙏

ಕೊಪ್ಪದ ಅತ್ತೆ: ಬೆಳಿಗ್ಗೆಯಿಂದ ನೋಡುತ್ತಾ ಇದ್ದೇನೆ. ಎಷ್ಟು ಯೂನಿಟ್ ಎಳೆಯುತ್ತದೆ ನಿಮ್ಮ ಕಾರು?

ನಾನು: ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಹಾಕಿದರೆ ಹತ್ತಿರ ಹತ್ತಿರ 27. ಮೂರು ರಾತ್ರಿಗೆ 75 ಆಗಬಹುದು.

ಕೊಪ್ಪದ ಅತ್ತೆ: 75! ನನಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಾ ಇದೆ. ತಿಂಗಳಿಗೆ 100ರ ಒಳಗೇ ಮುಗಿಸುತ್ತೇನೆ. ನಿಮ್ಮ ಕಾರಿಗಾಗಿ ಅದು ಕೈತಪ್ಪಿದರೆ?

ಅಕ್ಕ: ಕೈತಪ್ಪುವುದಿಲ್ಲ ಅತ್ತೆ. 2022-23ರ ಸರಾಸರಿ ನೋಡಿ ನಿಮಗೆ ಒಂದು ಮಿತಿ ಹಾಕಿರುತ್ತಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಮಾತ್ರ ಆ ತಿಂಗಳು ಪೂರ್ತಿ ಬಿಲ್. 95 ಮತ್ತು 75, 170. ಒಳಗೇ ಇದೆ. ಆದರೆ ಆ ತಿಂಗಳು ಹಪ್ಪಳ ಸಂಡಿಗೆ ಅಂತ ಗ್ರೈಂಡರ್ ಜಾಸ್ತಿ ಓಡಿಸಬೇಡಿ.

ನಾನು: ಹೆಚ್ಚಾದದ್ದನ್ನು ನಾವೇ ಕೊಡುತ್ತೇವೆ. ಐನೂರರ ಆಸುಪಾಸು ಬರಬಹುದು.

ಕೊಪ್ಪದ ಅತ್ತೆ: ದುಡ್ಡಿನ ಮಾತಲ್ಲ ಮಾರಾಯ. ಮೀಟರ್ ಓದುವ ಹುಡುಗ ‘ಏನಮ್ಮ, ಎ.ಸಿ. ಹಾಕಿಸಿದಿರಾ’ ಅಂತ ಊರಿಡೀ ಹೇಳುತ್ತಾನೆ. ಅದಿರಲಿ. ಮಳೆ ಇನ್ನೂ ಬಿಟ್ಟಿಲ್ಲ ಇಲ್ಲಿ. ಅಂಗಳದಲ್ಲಿ ನೀರು ಹರಿಯುತ್ತಿರುವಾಗ ಕಾರು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವಾ?

ಪುಟ್ಟ: ಬ್ಯಾಟರಿ ಪೆಟ್ಟಿಗೆ ಐಪಿ 67 ಅತ್ತೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ನೀರು ಹೋಗದ ಹಾಗೆ ಮಾಡಿರುತ್ತಾರೆ.

ನಾನು: ಕಾರಿನದು ಚಿಂತೆ ಇಲ್ಲ. ಸಣ್ಣ ಚಾರ್ಜರಿನ ಡಬ್ಬಿ ಮಾತ್ರ ಮಳೆಯಲ್ಲಿ ಬಿದ್ದಿರಬಾರದು. ಜಗಲಿ ಮೇಲೆ ಇಟ್ಟುಕೊಳ್ಳೋಣ. ಅತ್ತೆ, ಆ ಪ್ಲಗ್ಗಿಗೆ ಅರ್ತಿಂಗ್ ಸರಿ ಇದೆಯಾ? ಅದು ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ಹಾಕಿಕೊಂಡು ಕೂರುತ್ತದೆ, ಒಂದು ಯೂನಿಟ್ಟೂ ಒಳಗೆ ಬಿಡುವುದಿಲ್ಲ.

ಅತ್ತೆ ಉತ್ತರ ಕೊಡಲಿಲ್ಲ. ನೀಲಿ ಟಿಕ್ ಬಿತ್ತು ಅಷ್ಟೇ.

ಚಿಕ್ಕಪ್ಪ: ಸರಿ, ಕಾಗದದಲ್ಲಿ ಲೆಕ್ಕ ತೋರಿಸು. ಒಂದು ಸಲ ತುಂಬಿಸಿದರೆ 489 ಕಿಲೋಮೀಟರ್ ಅಂತ ಕಂಪನಿಯವನು ಬರೆದಿದ್ದಾನೆ. ನಂಬಲೋ?

ನಾನು: ಬೇಡ. ಅದು ಪರೀಕ್ಷೆಯಲ್ಲಿ ರೋಲರ್ ಮೇಲೆ ಓಡಿಸಿದ ಅಂಕಿ. ಕಾರು ತುಂಬ ಜನ, ಲಗೇಜ್, ಎ.ಸಿ., ಹೆದ್ದಾರಿ ವೇಗ ಅಂದರೆ 300 ಅಂತಲೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಹಾಸನ 185. ಅಲ್ಲಿಗೆ ಬರುವಾಗ 38 ಪರ್ಸೆಂಟ್ ಉಳಿದಿರುತ್ತದೆ. ಹಾಸನದಲ್ಲಿ ಊಟ, ಮುಕ್ಕಾಲು ಗಂಟೆ ಚಾರ್ಜ್, 80 ದಾಟಿದ ಮೇಲೆ ಹೊರಡುವುದು. ಅದಕ್ಕಿಂತ ಮೇಲೆ ಬ್ಯಾಟರಿ ನಿಧಾನ ಕುಡಿಯುತ್ತದೆ, ಕಾಯುವುದು ದಂಡ. ಅಲ್ಲಿಂದ ಬೇಲೂರು, ಚಿಕ್ಕಮಗಳೂರು, ಬಾಳೆಹೊನ್ನೂರು, ಕೊಪ್ಪ. ಇನ್ನೊಂದು 140. ಅತ್ತೆ ಮನೆ ಗೇಟಿಗೆ ಬಂದಾಗ ಮೂರನೇ ಒಂದು ಭಾಗ ಉಳಿದಿರಬೇಕು.

ಚಿಕ್ಕಪ್ಪ: ಹಾಸನದ ಚಾರ್ಜರ್ ಕೆಟ್ಟಿದ್ದರೆ?

ನಾನು: ಹಾಸನದಲ್ಲಿ ಬೇರೆಯವೂ ಇವೆ. ಅದು ಕೆಟ್ಟಿದ್ದರೆ ಅಂತಲೇ 38 ಇಟ್ಟುಕೊಂಡು ಬರುವುದು, 10 ಅಲ್ಲ. ರಾಜ್ಯದಲ್ಲಿ 5 ಸಾವಿರಕ್ಕೂ ಜಾಸ್ತಿ ಚಾರ್ಜಿಂಗ್ ಸ್ಟೇಷನ್ ಇದೆ ಅಂತಾರಲ್ಲ, ಅದರಲ್ಲಿ ಬಹುಪಾಲು ಬೆಂಗಳೂರಲ್ಲೇ. ಚಿಕ್ಕಮಗಳೂರು ದಾಟಿದ ಮೇಲೆ ನಾನು ಯಾವುದನ್ನೂ ನಂಬಿ ಹೊರಡುವುದಿಲ್ಲ.

ಚಿಕ್ಕಪ್ಪ: ಇನ್ನೊಂದು ಕೇಳುತ್ತೇನೆ. ಮೂರನೇ ದಿನ ಆಗುಂಬೆ ಇಳಿದು ಉಡುಪಿಗೆ ಅಂದಿರಿ. ಹದಿನಾಲ್ಕು ಹೇರ್‌ಪಿನ್ ತಿರುವು. ನಾವು ಘಟ್ಟದ ಬಸ್ಸಿಗೆ ಬದಲಿಸಿದಷ್ಟು ಬ್ರೇಕ್ ಲೈನರ್ ಬೇರೆ ಯಾವ ರೂಟಿಗೂ ಬದಲಿಸಿಲ್ಲ. ಇದಕ್ಕೆ ಗೇರೇ ಇಲ್ಲವಂತೆ. ಸೆಕೆಂಡ್ ಗೇರಿಗೆ ಹಾಕಿ ಇಳಿಸುವುದು ಹೇಗೆ?

ನಾನು: ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಹಿಡಿದುಕೊಳ್ಳುತ್ತದೆ ಚಿಕ್ಕಪ್ಪ. ಆಗ ಅದು ಡೈನಮೋ ಆಗುತ್ತದೆ, ಚಕ್ರದ ಜೋರು ಕರೆಂಟಾಗಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕು ಅಂತ ನಾವೇ ಇಟ್ಟುಕೊಳ್ಳಬಹುದು. ಜನ ತುಂಬಿದ ಕಾರು 1,900 ಕಿಲೋ ಅಂತಿಟ್ಟುಕೊಳ್ಳಿ. 500 ಮೀಟರ್ ಎತ್ತರಕ್ಕೆ ಏರಿಸಲು ಎರಡೂವರೆ ಯೂನಿಟ್ ಜಾಸ್ತಿ ಬೇಕು. ಇಳಿಯುವಾಗ ಅದರಲ್ಲಿ ಒಂದು ಪಾಲು ತಿರುಗಿ ಬರುತ್ತದೆ. ಬ್ರೇಕ್ ಪ್ಯಾಡ್ ಅಷ್ಟಾಗಿ ಕಾಯುವುದಿಲ್ಲ.

ಇಲ್ಲಿ ‘ಟೈಪಿಂಗ್’ ಅಂತ ನಾಲ್ಕು ನಿಮಿಷ ತೋರಿಸಿತು. ಚಿಕ್ಕಪ್ಪ ಒಂದು ಬೆರಳಿನಲ್ಲಿ ಟೈಪ್ ಮಾಡುತ್ತಾರೆ.

ಚಿಕ್ಕಪ್ಪ: ಬ್ಯಾಟರಿ ಮೊದಲೇ ಪೂರ್ತಿ ತುಂಬಿದ್ದರೆ ಬಂದ ಕರೆಂಟ್ ಎಲ್ಲಿಗೆ ಹೋಗುತ್ತದೆ?

ನ್ಯೂಜೆರ್ಸಿ ಭಾವ: 👏👏 ಶೋರೂಮಿನವನಿಗೆ ಕೇಳಬೇಕಾದ ಪ್ರಶ್ನೆ.

ನಾನು: ಎಲ್ಲಿಗೂ ಹೋಗುವುದಿಲ್ಲ. ತುಂಬಿದ ಬ್ಯಾಟರಿ ಬೇಡ ಅನ್ನುತ್ತದೆ, ಆಗ ಮೋಟಾರಿನ ಹಿಡಿತ ಸಡಿಲವಾಗುತ್ತದೆ, ಕಾಲಿನ ಬ್ರೇಕೇ ಗತಿ. ಘಟ್ಟದ ತುದಿಯಲ್ಲಿ ನೂರು ತುಂಬಿಸಿಕೊಂಡು ಇಳಿಯಬಾರದು. ಆದರೆ ನಾವು ಕೊಪ್ಪದಲ್ಲಿ ಬಿಟ್ಟು, ಶೃಂಗೇರಿಯಲ್ಲಿ ದರ್ಶನ ಮಾಡಿ, ಆಮೇಲೆ ಆಗುಂಬೆ. ಅಷ್ಟರಲ್ಲಿ 50 ಕಿಲೋಮೀಟರ್ ಓಡಿರುತ್ತೇವೆ, ಬೇಕಾದಷ್ಟು ಜಾಗ ಆಗಿರುತ್ತದೆ. ಹತ್ತಿ ಬರುವುದಕ್ಕೆ ಉಡುಪಿಯಲ್ಲಿ ಸ್ವಲ್ಪ ತುಂಬಿಸಿಕೊಳ್ಳೋಣ.

ಚಿಕ್ಕಪ್ಪ: ಹ್ಮ್.

ಅಕ್ಕ: ದುಡ್ಡು ಎಷ್ಟು ಉಳಿಯುತ್ತದೆ ಅಂತ ಯಾರೂ ಹೇಳಲಿಲ್ಲ.

ನಾನು: ಒಟ್ಟು 950 ಕಿಲೋಮೀಟರ್. ಪೆಟ್ರೋಲ್ ಕಾರಾದರೆ ಪೆಟ್ರೋಲಿಗೇ ಆರೂವರೆ ಸಾವಿರ. ಇದಕ್ಕೆ ಹೊರಗಿನ ಚಾರ್ಜು, ಅತ್ತೆ ಮನೆಯದು ಎಲ್ಲ ಸೇರಿ ಎರಡು ಸಾವಿರ. ಆದರೆ ಪೆಟ್ರೋಲ್ ಕಾರಿನ ಬಾಡಿಗೆ 11,000ಕ್ಕೆ ಸಿಗುತ್ತದೆ, ಇದಕ್ಕೆ 13,200. ಕೊನೆಗೆ ಉಳಿಯುವುದು ಎರಡು ಸಾವಿರ ಚಿಲ್ಲರೆ. ದುಡ್ಡಿಗೋಸ್ಕರ ಆದರೆ ಬೇಡ. ಸದ್ದಿಲ್ಲದೆ ಘಟ್ಟ ಹತ್ತುವುದು ಒಂದು ಸಲ ನೋಡಬೇಕು ಅಂತಿದ್ದರೆ ಬನ್ನಿ.

ಅಕ್ಕ: ಎರಡು ಸಾವಿರಕ್ಕೆ ಇಷ್ಟು ಜಗಳವಾ!

ಪುಟ್ಟ: ಹಾಗಾದರೆ ಬುಕ್ ಮಾಡಲಾ?

ಚಿಕ್ಕಪ್ಪ: ತಡಿ. ಕಾರು ಕೈಗೆ ಕೊಡುವಾಗ ಪೂರ್ತಿ ಚಾರ್ಜ್ ಇರುತ್ತದೆ, ಸಣ್ಣ ಚಾರ್ಜರ್ ಡಿಕ್ಕಿಯಲ್ಲಿ ಇರುತ್ತದೆ ಅಂತ ಮೊದಲು ಬರವಣಿಗೆಯಲ್ಲಿ ತಗೋ. ವಾಪಸ್ ಕೊಡುವಾಗ ಎಷ್ಟು ಇರಬೇಕು ಕೇಳು, ಇಲ್ಲದಿದ್ದರೆ ಕೊನೇ ದಿನ ನೆಲಮಂಗಲದಲ್ಲಿ ಸಾಲಿನಲ್ಲಿ ನಿಲ್ಲುತ್ತೀಯಾ. ಹೊರಡುವ ಮೊದಲು ಕಾರಿನ ಅಡಿಯ ಫೋಟೊ ತೆಗಿ. ಬ್ಯಾಟರಿ ಇರುವುದು ಅಲ್ಲೇ. ಅತ್ತೆ ಮನೆ ದಾರಿಯ ಕಲ್ಲು ನಿನಗೆ ಗೊತ್ತಲ್ಲ.

ಪುಟ್ಟ ಕೇಳಿದ. ಚಾರ್ಜರ್ ಕೊಡುತ್ತಾರಂತೆ, ಕಳೆದರೆ ದಂಡ. ವಾಪಸ್ ಕೊಡುವಾಗ ಕೊಟ್ಟಷ್ಟೇ ಇರಬೇಕಂತೆ. ಎರಡು ದಿನ ಗುಂಪಿನಲ್ಲಿ ಇನ್ನೇನೂ ನಡೆಯಲಿಲ್ಲ, ಅತ್ತೆಯದ್ದಂತೂ ಸುದ್ದಿಯೇ ಇಲ್ಲ. ಕೋಪ ಬಂದಿರಬೇಕು ಅಂದುಕೊಂಡೆ. ಮೂರನೇ ದಿನ ಬೆಳಿಗ್ಗೆ ಒಂದು ಫೋಟೊ ಬಂತು. ಬಚ್ಚಲುಮನೆ ಹಿಂದಿನ ಗೋಡೆ, ಪಾಚಿ, ಅರ್ತಿಂಗ್ ಗುಂಡಿಯ ಸುತ್ತ ಅಗೆದ ಕೆಂಪು ಮಣ್ಣು, ಪಕ್ಕದಲ್ಲಿ ಖಾಲಿ ಕೊಡ.

ಕೊಪ್ಪದ ಅತ್ತೆ: ಎಲೆಕ್ಟ್ರಿಷಿಯನ್ ಬಂದಿದ್ದ. ತಂತಿ ತುಕ್ಕು ಹಿಡಿದು ಬಿಟ್ಟುಹೋಗಿತ್ತಂತೆ. ಇಷ್ಟು ವರ್ಷ ಗೀಸರ್ ಅಂತೂ ದೇವರ ದಯೆಯಿಂದ ನಡೆದಿದೆ. ಹೊಸದು ಹಾಕಿ ಮೀಟರ್ ಹಿಡಿದು ನೋಡಿದ. ಮೊದಲು ಮೂವತ್ತರ ಮೇಲೆ ತೋರಿಸುತ್ತಿತ್ತು, ಈಗ ಎರಡಂತೆ. ಕಡಿಮೆ ಆದದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಕಾಫಿ ಕುಡಿದು ಹೋದ.

ಚಿಕ್ಕಪ್ಪ: ಒಳ್ಳೆಯದು. ಉಪ್ಪು ಇದ್ದಿಲು ಹಾಕಿಸಿದಿರಾ?

ಕೊಪ್ಪದ ಅತ್ತೆ: ಹಾಕಿಸಿದ್ದೇನೆ.

ಚಿಕ್ಕಪ್ಪ: ಹಾಗಾದರೆ ಬುಕ್ ಮಾಡು ಪುಟ್ಟ. ಮುಂದಿನ ಸೀಟು ನನಗೆ. ಟೈರಿನ ಗಾಳಿ ನಾನು ನೋಡುತ್ತೇನೆ, ಯಾರೂ ಮುಟ್ಟಬೇಡಿ.

ಕೊಪ್ಪದ ಅತ್ತೆ: ಆ ಪ್ಲಗ್ಗು ಕಾರಿಗೆ ರಾತ್ರಿ ಹತ್ತರ ಮೇಲೆ ಮಾತ್ರ. ಅಲ್ಲಿಯವರೆಗೆ ಗ್ರೈಂಡರಿಗೆ ಬೇಕು, ಕಡುಬಿಗೆ ಅಕ್ಕಿ ರುಬ್ಬಬೇಕು. ಎಷ್ಟು ಜನ ಅಂತ ನಿಮ್ಮ ಅಕ್ಕ ಮೊದಲ ದಿನವೇ ಕೇಳಿದ್ದಳು, ಇನ್ನೂ ಒಬ್ಬರೂ ಹೇಳಿಲ್ಲ.